ಬುಡ ಕೊಳೆತ ಟೋಡ್‌ಸ್ಟೂಲ್ ಹವಳ: ಕತ್ತರಿಸಿ, ತೊಳೆದು, ಮತ್ತೆ ಕಲ್ಲಿಗೆ ಕೂರಿಸಿದ ವಿವರ

ಉಪ್ಪುನೀರಿನ ಅಕ್ವೇರಿಯಮ್ಮಿಗೆ ಲೆದರ್ ಹವಳ (ಇದು ಮೃದು ಹವಳ; ಅಣಬೆಯಂತೆ ಕಾಂಡ, ಟೋಪಿ ಇರುವ ಟೋಡ್‌ಸ್ಟೂಲ್ ಇದರದೇ ಒಂದು ಬಗೆ) ಕೊಳ್ಳಲು ಹೋದರೆ ಅಂಗಡಿಯವರು ತಪ್ಪದೆ ಹೇಳುವ ಮಾತೊಂದಿದೆ: ‘ಇದು ಸಾಯುವ ಜಾತಿಯಲ್ಲ.’ ಅರ್ಧ ನಿಜ. ಸುಲಭಕ್ಕೆ ಸಾಯುವುದಿಲ್ಲ. ಆದರೆ ಬುಡ ಕೊಳೆಯಲು ಶುರುವಾದರೆ ಮೇಲಿನ ಟೋಪಿಯನ್ನು ಉಳಿಸಿಕೊಳ್ಳುವ ಹೊಣೆ ಸಾಕುವವರ ತಲೆಗೇ ಬರುತ್ತದೆ. 2025ರ ಫೆಬ್ರವರಿಯಿಂದ ಮೇವರೆಗೆ ನಮ್ಮ ಮನೆಯಲ್ಲಿ ನಡೆದದ್ದು ಅದೇ. ಚಾಕು ಹಾಕುವುದು ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಕತ್ತರಿಸಿದ್ದನ್ನು ಮತ್ತೆ ಕಲ್ಲಿಗೆ ಹಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಹಾಗಾಗಿ ಈ ಬರಹದಲ್ಲೂ ಕೂರಿಸುವ ಭಾಗವೇ ಉದ್ದವಾಗಿದೆ.

ಟ್ಯಾಂಕಿನ ಲೆಕ್ಕ: 40 ಗ್ಯಾಲನ್ ಬ್ರೀಡರ್, 36 ಇಂಚು ಉದ್ದ, 18 ಇಂಚು ಅಗಲ, 16 ಇಂಚು ಎತ್ತರ. ಸುಮಾರು 150 ಲೀಟರ್. ಕೆಳಗಿನ ಕಪಾಟಿನಲ್ಲಿ ಸಂಪ್ (ಟ್ಯಾಂಕಿನ ನೀರು ಬಂದು ಹೋಗುವ ಇನ್ನೊಂದು ತೊಟ್ಟಿ), ಅದರಲ್ಲಿ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಲ್ಮಶವನ್ನು ಲೋಟಕ್ಕೆ ತೆಗೆಯುವ ಸಾಧನ) ಮತ್ತು ಹೀಟರ್. ಮನೆ ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಿನಲ್ಲಿ. ಆದ್ದರಿಂದ ಬೆಲೆಗಳೆಲ್ಲ ಡಾಲರಿನಲ್ಲಿವೆ. ಹವಳ ಸಾರ್ಕೊಫೈಟನ್ ಕುಲದ್ದು, ಅಣಬೆಯ ಆಕಾರದ್ದು. ಹತ್ತಿರದ ಹವ್ಯಾಸಿಯೊಬ್ಬರು ತಮ್ಮ ಟ್ಯಾಂಕಿನಿಂದಲೇ ಕತ್ತರಿಸಿ ಕೊಟ್ಟಿದ್ದ 2 ಇಂಚಿನ ತುಣುಕು ಫೆಬ್ರವರಿಯ ಹೊತ್ತಿಗೆ 11 ಇಂಚು ಅಗಲದ ಟೋಪಿಯಾಗಿ, ಎರಡೂವರೆ ಇಂಚು ದಪ್ಪದ ಕಾಂಡದ ಮೇಲೆ ನಿಂತಿತ್ತು.

ಫೆಬ್ರವರಿ 15, ಶನಿವಾರ

ಪಾಲಿಪ್‌ಗಳೆಲ್ಲ (ಟೋಪಿಯ ಮೇಲೆ ಪುಟ್ಟ ಹೂಗಳಂತೆ ಅರಳುವ ಹವಳದ ಜೀವಿಗಳು) ಒಳಗೆ ಹೋಗಿವೆ. ಟೋಪಿ ಕುಗ್ಗಿದೆ, ಮೇಲ್ಮೈ ಮೇಣ ಬಳಿದ ಹಾಗೆ ಹೊಳೆಯುತ್ತಿದೆ. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಲೆದರ್ ಹವಳಗಳು ಆಗಾಗ ಬಾಗಿಲು ಮುಚ್ಚಿಕೊಂಡು ಮೈಮೇಲೆ ಒಂದು ಪೊರೆ ಕಟ್ಟಿ, ಕೂತ ಪಾಚಿ ಮತ್ತು ಕಸದ ಸಮೇತ ಅದನ್ನು ಕಳಚುತ್ತವೆ. ಕೆಲವು ದಿನ ಹಿಡಿಯಬಹುದು, ಎರಡು ವಾರವೂ ಆಗಬಹುದು.

ಆದರೂ ನೀರು ಪರೀಕ್ಷಿಸಿದೆ. ಉಷ್ಣತೆ 25.6 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.025, ಆಲ್ಕಲಿನಿಟಿ 8.4 ಡಿಕೆಎಚ್, ನೈಟ್ರೇಟ್ 12 ಪಿಪಿಎಂ, ಫಾಸ್ಫೇಟ್ 0.08. ಎಲ್ಲವೂ ಸರಿ. ಮೃದು ಹವಳಗಳಿಗೆ ನೀರು ಅತಿ ಸ್ವಚ್ಛವಾಗಿರಬೇಕಿಲ್ಲ. ನೈಟ್ರೇಟ್ ಸೊನ್ನೆಗೆ ಇಳಿದರೇ ಅವು ಬಡವಾಗುತ್ತವೆ.

ಫೆಬ್ರವರಿ 23, ಭಾನುವಾರ

ಬಲಭಾಗದ ಪೊರೆ ತಾನಾಗಿ ಹಾಳೆಹಾಳೆಯಾಗಿ ಕಳಚಿ ಹೋಗಿದೆ, ಅಲ್ಲಿ ಪಾಲಿಪ್‌ಗಳು ಹೊರಬಂದಿವೆ. ಎಡಭಾಗ ಹಾಗೆಯೇ ಇದೆ. ಟೋಪಿಯ ಎಡ ಅಂಚು ಮಡಚಿ ಕಾಂಡದ ಮೇಲೆಯೇ ಒರಗಿತ್ತು. ಪ್ಲಾಸ್ಟಿಕ್ ಕಡ್ಡಿಯಿಂದ ಮಡಿಕೆಯನ್ನು ಮೆಲ್ಲಗೆ ಎತ್ತಿದೆ. ಕೆಳಗೆ, ಕಾಂಡ ಕಲ್ಲಿಗೆ ಸೇರುವ ಜಾಗಕ್ಕಿಂತ ತುಸು ಮೇಲೆ, 2 ಸೆಂಟಿಮೀಟರ್ ಅಗಲದ ಕಂದು ಗುಂಡಿ. ಸುತ್ತಲೂ ಬೂದಿಬಣ್ಣದ ಕೆಸರು.

ರಬ್ಬರ್ ಉಂಡೆಯ ಬೇಸ್ಟರಿನಿಂದ ಗುಂಡಿಗೆ ನೀರು ಊದಿದೆ. ಕೆಸರಿನ ಹಿಂದೆಯೇ ಮಾಂಸದ ಎಳೆಗಳೂ ಎದ್ದು ಬಂದವು. ಬೇಸ್ಟರಿನ ತುದಿಯನ್ನು ಮೂಸಿದರೆ ಹೊಟ್ಟೆ ತೊಳಸಿತು. ಇನ್ನು ಅನುಮಾನ ಉಳಿಯಲಿಲ್ಲ.

ಪೊರೆ ಕಳಚುವುದಕ್ಕೂ ಕೊಳೆತಕ್ಕೂ ವ್ಯತ್ಯಾಸ ಹೇಳುವುದು ಕೈಗೆ ಮತ್ತು ಮೂಗಿಗೆ ಸುಲಭ, ಕಣ್ಣಿಗೆ ಕಷ್ಟ. ಪೊರೆ ಬಿಡುವ ಹವಳ ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ, ವಾಸನೆ ಇರುವುದಿಲ್ಲ, ಊದಿದರೆ ಪೊರೆ ಮಾತ್ರ ಏಳುತ್ತದೆ. ಕೊಳೆತ ಭಾಗ ಬೆರಳಿಗೆ ಮೆತ್ತಗೆ ಸಿಗುತ್ತದೆ, ಕಂದು ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ, ಊದಿದರೆ ಮೈಯೇ ಕಿತ್ತು ಬರುತ್ತದೆ. ನನ್ನದರಲ್ಲಿ ಎರಡೂ ಒಟ್ಟಿಗೆ ನಡೆದಿದ್ದವು. ಮೇಲಿನ ಹೊಳಪು ನೋಡಿ ಸುಮ್ಮನಿದ್ದುದರಿಂದ ಕೆಳಗಿನ ಗುಂಡಿ ಅಷ್ಟು ದಿನ ಕಾಣಲಿಲ್ಲ.

ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಹಿಡಿದು ಹುಡುಕಿದೆ. ಲೆದರ್ ಹವಳವನ್ನೇ ತಿಂದು ಬದುಕುವ ಬಿಳಿ ಸಮುದ್ರ ಗೊಂಡೆಹುಳುಗಳಿವೆ. ಅವು ಹಗಲು ಬುಡದಲ್ಲಿ ಅಡಗಿ ಕುಳಿತಿರುತ್ತವೆ. ಒಂದೂ ಸಿಗಲಿಲ್ಲ, ಮೊಟ್ಟೆಯ ಸುರುಳಿಯೂ ಇರಲಿಲ್ಲ. ಕಾರಣ ನೀರಿನ ಹರಿವೇ. ಡಿಸೆಂಬರಿನಲ್ಲಿ ಬಲಗಡೆಯ ಗಟ್ಟಿ ಹವಳಗಳಿಗಾಗಿ ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪು) ತಿರುಗಿಸಿದ್ದೆ. ಎಡಗಡೆ ನೀರು ಮಂದವಾಗಿ, ಮಡಿಕೆಯ ಕೆಳಗೆ ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಸೇರಿಕೊಂಡು ಅಲ್ಲೇ ಕೊಳೆತಿದೆ.

ಮಾರ್ಚ್ 1, ಶನಿವಾರ: ಕತ್ತರಿಸಿದ ದಿನ

ವಾರದಲ್ಲಿ ಗುಂಡಿ 4 ಸೆಂಟಿಮೀಟರಿಗೆ ಹಬ್ಬಿತ್ತು. ಕಾಯುವುದಕ್ಕೆ ಅರ್ಥವಿರಲಿಲ್ಲ.

ಸಿದ್ಧತೆ ಹಿಂದಿನ ರಾತ್ರಿಯೇ ನಡೆದಿತ್ತು. ಆರ್‌ಒ ಡಿಐ ನೀರಿನಲ್ಲಿ (ಲವಣಗಳನ್ನೆಲ್ಲ ಸೋಸಿ ತೆಗೆದ ನೀರು) ಉಪ್ಪು ಕಲಸಿ 15 ಗ್ಯಾಲನ್ ಹೊಸ ಸಮುದ್ರದ ನೀರು ಮಾಡಿಟ್ಟಿದ್ದೆ. ಉಷ್ಣತೆ ಮತ್ತು ಲವಣ ಟ್ಯಾಂಕಿಗೆ ಸಮ. ಅದರಲ್ಲಿ 5 ಗ್ಯಾಲನ್ ಕತ್ತರಿಸುವುದಕ್ಕೆ, ಉಳಿದದ್ದು ಆಮೇಲೆ ನೀರು ಬದಲಿಸುವುದಕ್ಕೆ. ಮೇಜಿನ ಮೇಲೆ ಇದ್ದವು: ಸ್ಕಾಲ್ಪೆಲ್ ಹಿಡಿ ಮತ್ತು 22ನೇ ನಂಬರಿನ ಬ್ಲೇಡುಗಳು, ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಅಗಲ ತಟ್ಟೆ, ಮೂರು ಪ್ಲಾಸ್ಟಿಕ್ ಡಬ್ಬ, ಅಯೋಡಿನ್ ದ್ರಾವಣ. ಕನ್ನಡಕ ಬಿಡಬೇಡಿ. ಬ್ಲೇಡ್ ಹಾಕಿದ ಕೂಡಲೇ ಹವಳ ಮೈಯೊಳಗಿನ ನೀರನ್ನು ಪಿಚಕ್ಕನೆ ಹೊರಹಾಕುತ್ತದೆ; ಒಂದು ಹನಿ ನೇರವಾಗಿ ನನ್ನ ಕನ್ನಡಕದ ಗಾಜಿಗೆ ಬಂದು ಬಿತ್ತು.

ಯಾವ ಕಾರಣಕ್ಕೂ ಟ್ಯಾಂಕಿನೊಳಗೆ ಕತ್ತರಿಸಬಾರದು. ಈ ಹವಳಗಳ ಮೈಯಲ್ಲಿ ಟರ್ಪೀನ್ ಜಾತಿಯ ರಾಸಾಯನಿಕಗಳಿವೆ, ನೆರೆಯ ಹವಳಗಳನ್ನು ದೂರ ಇಡುವುದಕ್ಕೆ ಅವೇ ಅದರ ಆಯುಧ. ಕೊಯ್ದಾಗ ಅವು ನೀರಿಗೆ ಸೇರುತ್ತವೆ. ಹವಳ ಕೂತಿದ್ದ ಕಲ್ಲು ಅಂಟಿಸಿದ್ದಲ್ಲವಾದ್ದರಿಂದ ಕಲ್ಲಿನ ಸಮೇತ ಹೊರಗೆ ತೆಗೆದೆ. ನೀರಿನಿಂದ ಎತ್ತಿದಾಗ ಟೋಪಿ ಜೋತುಬಿದ್ದು, ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಟೋಪಿ ಹಿಡಿಯಬೇಕಾಯಿತು. ಕೆಳಗೆ ತಟ್ಟೆ ಹಿಡಿಯುವುದಕ್ಕೆ ಮಗ ಬಂದ.

ಮೊದಲ ಕೊಯ್ತ: ಗುಂಡಿಯ ಮೇಲಂಚಿನಿಂದ ಅರ್ಧ ಇಂಚು ಮೇಲೆ, ಕಾಂಡಕ್ಕೆ ಅಡ್ಡಲಾಗಿ. ಕೊಯ್ದ ಮುಖ ಎಳೆ ತೆಂಗಿನಕಾಯಿಯ ತಿರುಳಿನಷ್ಟು ಬೆಳ್ಳಗೆ ಇರಬೇಕು. ಇದರಲ್ಲಿ ಒಂದು ಕಡೆ ಕಂದು ಗೆರೆ ಒಳಕ್ಕೆ ಇಳಿದಿತ್ತು. ಇನ್ನೊಂದು ಅರ್ಧ ಇಂಚು ತೆಗೆದೆ. ಗೆರೆ ತೆಳುವಾಯಿತು, ಹೋಗಲಿಲ್ಲ. ಮೂರನೆಯ ಹೋಳು ತೆಗೆದಾಗ ಮುಖವೆಲ್ಲ ಬಿಳಿ, ನಡುವೆ ಸಣ್ಣ ಸಣ್ಣ ಕೊಳವೆಗಳ ತೂತುಗಳು ಸ್ಪಷ್ಟ. ಅಲ್ಲಿಗೆ ನಿಲ್ಲಿಸಿದೆ. ಟೋಪಿಯ ಕೆಳಗೆ ಉಳಿದ ಕಾಂಡ ಒಂದು ಇಂಚು ಮಾತ್ರ.

ಮೈ ಮೆತ್ತಗಿದ್ದರೂ ಬ್ಲೇಡಿಗೆ ಮರಳು ಸಿಕ್ಕ ಸದ್ದು ಬರುತ್ತದೆ. ಮಾಂಸದ ತುಂಬ ಸುಣ್ಣದ ಸೂಕ್ಷ್ಮ ಮುಳ್ಳುಗಳಿವೆ, ಕಾಂಡದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಎರಡು ಮೂರು ಕೊಯ್ತಕ್ಕೆ ಬ್ಲೇಡ್ ಮೊಂಡಾಗುತ್ತದೆ. ಮೊಂಡು ಬ್ಲೇಡಿನಿಂದ ಉಜ್ಜಿ ಉಜ್ಜಿ ಕೊಯ್ದರೆ ಗಾಯ ಹರಿದು, ವಾಸಿಯಾಗುವುದು ತಡವಾಗುತ್ತದೆ. ಕೊಳೆತ ಮುಟ್ಟಿದ ಬ್ಲೇಡನ್ನು ಒಳ್ಳೆಯ ಭಾಗಕ್ಕೆ ತಾಗಿಸಲಿಲ್ಲ. ಪ್ರತಿ ಹೋಳಿಗೂ ಹೊಸದು.

ಆಮೇಲೆ ಟೋಪಿ. 11 ಇಂಚಿನ ಟೋಪಿಯನ್ನು ಒಂದು ಇಂಚಿನ ಗಿಡ್ಡ ಕಾಂಡ ಹೊರಲಾರದು. ಸುತ್ತಲಿನ ಅಂಚನ್ನು ಉಂಗುರದಂತೆ ಕತ್ತರಿಸಿ ತೆಗೆದು ನಡುವಿನ 6 ಇಂಚು ಉಳಿಸಿಕೊಂಡೆ. ಉಂಗುರದಿಂದ ಒಂದೂವರೆ ಇಂಚಿನ ಹದಿನಾಲ್ಕು ತುಣುಕು ಸಿಕ್ಕವು. ಮಡಿಕೆಯ ಒಳಗಿದ್ದ, ಬಣ್ಣ ಕೆಟ್ಟ ಭಾಗವನ್ನು ಎಸೆದೆ.

ಎಲ್ಲವನ್ನೂ ಹೊಸ ನೀರಿನಲ್ಲಿ ಜಾಲಾಡಿ, ಅಯೋಡಿನ್ ದ್ರಾವಣ ಬೆರೆಸಿದ ಡಬ್ಬದಲ್ಲಿ ಹತ್ತು ನಿಮಿಷ ಬಿಟ್ಟು, ಮತ್ತೊಂದು ಡಬ್ಬದ ನೀರಿನಲ್ಲಿ ತೊಳೆದೆ. ಅಳತೆ ಬಾಟಲಿಯ ಮೇಲೆ ಬರೆದಷ್ಟೇ, ಕೈಯಂದಾಜು ಬೇಡ. ತೊಳೆದ ನೀರೆಲ್ಲ ಬಚ್ಚಲಿಗೆ, ಒಂದು ಲೋಟವೂ ಟ್ಯಾಂಕಿಗೆ ಹೋಗಲಿಲ್ಲ.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದು, ‘ರೀ, ಆ ತಟ್ಟೆಯನ್ನು ಮತ್ತೆ ನನ್ನ ಕಪಾಟಿಗೆ ಇಡಬೇಡಿ’ ಎಂದು ಹೇಳಿ ಮಹಡಿಗೆ ಹೋದಳು. ತಟ್ಟೆ ಈಗ ಗ್ಯಾರೇಜಿನಲ್ಲಿದೆ.

ಹವಳ ಬಿಡುವ ರಾಸಾಯನಿಕಗಳನ್ನು ಹೀರಲೆಂದು ಸಂಪಿನಲ್ಲಿ 150 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ ಇಟ್ಟೆ, ಕಪ್ಪು ನೀರು ಬರುವುದು ನಿಲ್ಲುವವರೆಗೆ ತೊಳೆದು, ಬಲೆಚೀಲದಲ್ಲಿ ಕಟ್ಟಿ. ನಂತರ 10 ಗ್ಯಾಲನ್ ನೀರು ಬದಲಾವಣೆ. ಇಷ್ಟೆಲ್ಲ ಮಾಡಿಯೂ ಸಂಜೆ ಸ್ಕಿಮ್ಮರ್ ಉಕ್ಕಿ ಲೋಟ ತುಂಬಿ ಹರಿಯಿತು. ತುಣುಕುಗಳು ಲೋಳೆ ಬಿಡುತ್ತಿರುವಾಗ ಇದು ಆಗಿಯೇ ಆಗುತ್ತದೆ. ಸ್ಕಿಮ್ಮರಿನ ಗಾಳಿ ತಗ್ಗಿಸಿಟ್ಟೆ. ಬಲಗಡೆಯ ಹ್ಯಾಮರ್ ಹವಳ ಆ ರಾತ್ರಿ ಮುಚ್ಚಿಕೊಂಡದ್ದು ಕಾರ್ಬನ್ ಬದಲಿಸಿದ ಮೇಲೆಯೇ, ಮಂಗಳವಾರ, ತೆರೆಯಿತು.

ಕಲ್ಲಿನ ಮೇಲೆ ಉಳಿದ ಅರ್ಧ ಕೊಳೆತ ಬುಡವನ್ನು ಬೇರೆ ಬಕೆಟ್ಟಿನಲ್ಲಿ ಹೀಟರ್ ಮತ್ತು ಗಾಳಿಕಲ್ಲಿನ ಜೊತೆ ಇಟ್ಟೆ. ಒಳ್ಳೆಯ ಬುಡವಾಗಿದ್ದರೆ ಅದರಿಂದಲೇ ಹೊಸ ತಲೆ ಚಿಗುರುತ್ತದೆ ಎಂಬ ಆಸೆ.

ಮಾರ್ಚ್ 2, ಭಾನುವಾರ: ಅಂಟು ಕೈಕೊಟ್ಟಿತು

ಗಟ್ಟಿ ಹವಳಗಳನ್ನು ಅಂಟಿಸುವ ಸೂಪರ್ ಗ್ಲೂ ಜೆಲ್ಲಿನಿಂದಲೇ ತುಣುಕುಗಳನ್ನು ಸಿರಾಮಿಕ್ ಪ್ಲಗ್ಗುಗಳಿಗೆ (ತುಣುಕು ಕೂರಿಸುವ ಪುಟ್ಟ ಪೀಠಗಳು) ಅಂಟಿಸಿದ್ದೆ, ಕೊಯ್ದ ಮುಖವನ್ನು ಕಾಗದದಿಂದ ಒತ್ತಿ ಒರೆಸಿ. ರಾತ್ರಿ ಎಲ್ಲವೂ ಭದ್ರವಾಗಿದ್ದವು. ಬೆಳಿಗ್ಗೆ ಪ್ಲಗ್ಗುಗಳ ಮೇಲೆ ಅಂಟಿನ ಬಿಳಿ ಬಿಲ್ಲೆಗಳು ಮಾತ್ರ ಇದ್ದವು, ಹವಳಗಳಿರಲಿಲ್ಲ. ಗಾಯದಿಂದ ಲೋಳೆ ಸುರಿದು ಅಂಟಿನ ಪದರವನ್ನೇ ಎಬ್ಬಿಸಿದೆ. ಹದಿನಾಲ್ಕರಲ್ಲಿ ಹನ್ನೆರಡು ಸಿಕ್ಕವು. ಒಂದು ಪವರ್‌ಹೆಡ್ಡಿನ ಜಾಲರಿಗೆ ಸಿಕ್ಕಿ ಹರಿದಿತ್ತು, ಇನ್ನೊಂದು ಕಲ್ಲುಗಳ ಹಿಂದೆ ಎಲ್ಲೋ ಸೇರಿತು. ಕಲ್ಲುಗಳ ಹಿಂದೆ ಸತ್ತರೆ ನೀರು ಕೆಡುತ್ತದೆಂದು ಅಮೋನಿಯ ಪರೀಕ್ಷಿಸುತ್ತ ಬಂದೆ. ಸೊನ್ನೆಯೇ ಬಂತು.

ಮಾರ್ಚ್ 4, ಮಂಗಳವಾರ: ರಬ್ಬರ್ ಬ್ಯಾಂಡ್

ಟೋಪಿಯ ಕಾಂಡವನ್ನು ಚಪ್ಪಟೆ ಕಲ್ಲಿಗೆ ಕೂರಿಸಿ ಮೇಲಿನಿಂದ ರಬ್ಬರ್ ಬ್ಯಾಂಡ್ ಸುತ್ತಿದೆ. ಎರಡು ಸಣ್ಣ ತುಣುಕುಗಳಿಗೂ ಹಾಗೆಯೇ. ಬ್ಯಾಂಡ್ ಬಿಗಿಯಾದರೆ ಮೈಯನ್ನು ಕೊಯ್ಯುತ್ತದೆ, ಸಡಿಲವಾದರೆ ಹವಳ ಕುಗ್ಗಿ ನುಣುಚಿಕೊಳ್ಳುತ್ತದೆ. ಲೆದರ್ ಹವಳ ದಿನದಲ್ಲೇ ಹಿಗ್ಗಿ ಕುಗ್ಗುವುದರಿಂದ ಸರಿಯಾದ ಬಿಗಿ ಎಂಬುದೇ ಇಲ್ಲ. ಎರಡೂ ತುಣುಕುಗಳು ಗುರುವಾರದ ಹೊತ್ತಿಗೆ ನಡುವೆ ತುಂಡಾಗಿದ್ದವು. ನಾಲ್ಕು ತುಣುಕಾಯಿತೆಂದು ಸಂತೋಷಪಡಬಹುದಿತ್ತು, ಆದರೆ ಅಷ್ಟು ಚಿಕ್ಕವು ಉಳಿಯಲಿಲ್ಲ.

ಟೋಪಿಗೆ ಗೆದ್ದ ಉಪಾಯ ಇದು: ಕಾಂಡದ ನಡುಭಾಗದಲ್ಲಿ, ಕೊಯ್ದ ಮುಖದಿಂದ ಅರ್ಧ ಇಂಚು ಮೇಲೆ, ಹಲ್ಲುಕಡ್ಡಿಯನ್ನು ಅಡ್ಡಲಾಗಿ ಈ ಬದಿಯಿಂದ ಚುಚ್ಚಿ, ತುದಿ ಆ ಬದಿಯಲ್ಲಿ ಹೊರಬರುವಂತೆ ಅಲ್ಲೇ ಬಿಡಬೇಕು. ಅದಕ್ಕೆ ಅಡ್ಡಕ್ಕೆ ಇನ್ನೊಂದು. ಈಗ ನಾಲ್ಕು ಕಡೆ ಕಡ್ಡಿಯ ತುದಿಗಳು ಚಾಚಿಕೊಂಡಿರುತ್ತವೆ. ರಬ್ಬರ್ ಬ್ಯಾಂಡನ್ನು ಆ ತುದಿಗಳಿಗೆ ಸಿಕ್ಕಿಸಿ, ಕಲ್ಲಿನ ಅಡಿಯಿಂದ ಎಳೆದು ಎದುರಿನ ತುದಿಗೆ ಹಾಕಬೇಕು. ಎಳೆತವೆಲ್ಲ ಕಡ್ಡಿಯ ಮೇಲೆ, ಮೈಯ ಮೇಲೆ ಬ್ಯಾಂಡ್ ತಾಗುವುದೇ ಇಲ್ಲ. ಹವಳ ಹಿಗ್ಗಿದರೂ ಕುಗ್ಗಿದರೂ ಕೊಯ್ದ ಮುಖ ಕಲ್ಲಿಗೆ ಒತ್ತಿಕೊಂಡೇ ಇರುತ್ತದೆ. ಚುಚ್ಚಿದ ತೂತಿಗೆ ಏನೂ ಆಗುವುದಿಲ್ಲ, ಕಡ್ಡಿ ತೆಗೆದ ಮೇಲೆ ತಾನಾಗಿ ಮುಚ್ಚುತ್ತದೆ. ಮರದ ಕಡ್ಡಿ ನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ, ಆದ್ದರಿಂದ ದಪ್ಪನೆಯದನ್ನೇ ಆರಿಸಿಕೊಳ್ಳಬೇಕು.

ಮಾರ್ಚ್ 8, ಶನಿವಾರ: ಬಲೆಯ ಡಬ್ಬ

ಬಕೆಟ್ಟಿನ ಬುಡ ಪೂರ್ತಿ ಕರಗಿತು. ಚೆಲ್ಲಿ, ಕಲ್ಲನ್ನು ಉಜ್ಜಿ ಬಿಸಿಲಿಗೆ ಇಟ್ಟೆ. ಕೊಳೆತ ಬುಡವನ್ನು ಉಳಿಸುವ ಪ್ರಯತ್ನಕ್ಕೆ ಇಷ್ಟು ನೀರು, ವಿದ್ಯುತ್ತು ಖರ್ಚು ಮಾಡುವುದು ವ್ಯರ್ಥ. ಮುಂದೆ ಹೀಗಾದರೆ ಅಂದೇ ಎಸೆಯುತ್ತೇನೆ.

ಉಳಿದ ಹತ್ತು ತುಣುಕುಗಳಿಗೆ ಗಿಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು, ತಳದಲ್ಲಿ ಒಂದು ಇಂಚು ಹವಳದ ಕಲ್ಲುಚೂರು ಹರಡಿದೆ. ಕೊಯ್ದ ಮುಖ ಕೆಳಗಾಗಿ ತುಣುಕುಗಳನ್ನಿಟ್ಟು, ಬಟ್ಟೆ ಅಂಗಡಿಯಿಂದ ತಂದ ಟ್ಯೂಲ್ ಬಲೆಯನ್ನು ಬಾಯಿಗೆ ಕಟ್ಟಿದೆ, ಬಲೆ ತುಣುಕುಗಳನ್ನು ತಾಗುವ ಮಟ್ಟಕ್ಕೆ. ಡಬ್ಬ ಟ್ಯಾಂಕಿನ ತಳದಲ್ಲಿ, ಮಂದ ಹರಿವಿನಲ್ಲಿ.

ಟ್ಯೂಲಿನ ಕಣ್ಣು ತೀರಾ ಚಿಕ್ಕದು. ಬುಧವಾರಕ್ಕೆಲ್ಲ ಕಂದು ಪಾಚಿ ಹಿಡಿದು ಒಳಗೆ ನೀರಾಡುವುದು ನಿಂತಿತು, ಅಂದರೆ ಮೊದಲಿನ ರೋಗಕ್ಕೆ ಕಾರಣವಾದದ್ದನ್ನೇ ಡಬ್ಬದಲ್ಲಿ ತಯಾರಿಸಿದಂತಾಯಿತು. ಅದನ್ನು ಕಿತ್ತು, ದಿನಸಿ ಅಂಗಡಿಯಿಂದ ಈರುಳ್ಳಿ ಬಂದಿದ್ದ ಪ್ಲಾಸ್ಟಿಕ್ ಬಲೆಚೀಲವನ್ನು ಕತ್ತರಿಸಿ, ಚೆನ್ನಾಗಿ ತೊಳೆದು ಕಟ್ಟಿದೆ. ಕಣ್ಣು 4 ಮಿಲಿಮೀಟರ್. ದಿನಾ ಸಂಜೆ ಬೇಸ್ಟರಿನಿಂದ ಎರಡು ಸಲ ಊದಿದರೆ ಕಸ ನಿಲ್ಲುವುದಿಲ್ಲ. ಎರಡು ಡಾಲರಿನ ಟ್ಯೂಲಿಗಿಂತ ಪುಕ್ಕಟೆ ಈರುಳ್ಳಿ ಚೀಲವೇ ಮೇಲು.

ಖರ್ಚು

ಸ್ಕಾಲ್ಪೆಲ್ ಮತ್ತು ಬ್ಲೇಡ್ 9 ಡಾಲರ್, ಅಯೋಡಿನ್ ದ್ರಾವಣ 14, ಕಾರ್ಬನ್ 18, ಪ್ಲಗ್ 11, ಸೂಪರ್ ಗ್ಲೂ 6, ಟ್ಯೂಲ್ 2, ನೀರು ಬದಲಾವಣೆಗೆ ಹೋದ ಉಪ್ಪು ಸುಮಾರು 10. ಒಟ್ಟು 70 ಡಾಲರ್. ಇದರಲ್ಲಿ ಟ್ಯೂಲ್ ಬೇಕಿರಲಿಲ್ಲ. ಅಂಟು ಮುಂದೆ ಕೆಲಸಕ್ಕೆ ಬಂತು, ಅದನ್ನು ಕೆಳಗೆ ಹೇಳಿದ್ದೇನೆ.

ಮಾರ್ಚ್ 22, ಶನಿವಾರ

ಎಂಟು ತುಣುಕುಗಳು ಕಲ್ಲುಚೂರಿಗೆ ತಾವಾಗಿ ಹಿಡಿದುಕೊಂಡಿವೆ. ಚಿಮಟದಿಂದ ತುಣುಕನ್ನು ಎತ್ತಿದರೆ ಕಲ್ಲೂ ಜೊತೆಗೆ ಏಳುತ್ತದೆ. ಈಗ ಸೂಪರ್ ಗ್ಲೂ ಹೊರಗೆ ಬಂತು: ಹವಳಕ್ಕಲ್ಲ, ಆ ಕಲ್ಲುಚೂರಿನ ಅಡಿಗೆ ಹಚ್ಚಿ ಪ್ಲಗ್ಗಿಗೆ ಅಂಟಿಸಿದೆ. ಕಲ್ಲಿಗೆ ಕಲ್ಲು, ಲೋಳೆಯ ಗೋಜಿಲ್ಲ. ಒಂದೂ ಬೀಳಲಿಲ್ಲ. ಹಿಡಿಯದ ಎರಡರಲ್ಲಿ ಒಂದು ಕಪ್ಪಾಗಿತ್ತು, ಎಸೆದೆ. ಇನ್ನೊಂದರ ಮೈ ಬೆಳೆದು ಬಲೆಯ ದಾರವನ್ನೇ ನುಂಗಿದೆ. ದಾರವನ್ನು ಸುತ್ತ ಕತ್ತರಿಸಿ ಹಾಗೆಯೇ ಬಿಟ್ಟೆ.

ಟೋಪಿಯ ಕಡ್ಡಿಗಳನ್ನೂ ತೆಗೆದೆ. ಕಾಂಡ ಕಲ್ಲಿಗೆ ಕಚ್ಚಿಕೊಂಡಿದೆ. ಪಾಲಿಪ್ ಇನ್ನೂ ಹೊರಬಂದಿಲ್ಲ. ಕತ್ತರಿಸಿದ ಅಂಚು ಮಾತ್ರ ಒಳಕ್ಕೆ ಸುರುಳಿಯಾಗಿ ಮುಚ್ಚಿಕೊಂಡಿದೆ.

ಏಪ್ರಿಲ್ 12, ಶನಿವಾರ

ಟೋಪಿಯ ನಡುವಿನಲ್ಲಿ ಪಾಲಿಪ್‌ಗಳು ಬಂದಿವೆ. ಲೆನ್ಸ್ ಹಿಡಿದು ನೋಡಿದರೆ ಪ್ರತಿಯೊಂದರಲ್ಲೂ ಎಂಟು ಕೈ, ಪ್ರತಿ ಕೈಗೂ ಎರಡು ಬದಿಯಲ್ಲಿ ಸಣ್ಣ ಎಸಳು. ಅಂಚಿನ ಒಂದು ಇಂಚು ಇನ್ನೂ ಬೋಳು. ಬೆಳಕು ಮೊದಲಿದ್ದಷ್ಟು ಕೊಡಲಿಲ್ಲ. ಗಾಯವಿರುವಾಗ ಟ್ಯಾಂಕಿನ ಕೆಳಭಾಗದಲ್ಲಿ 80 ಪಾರ್ (ಹವಳಕ್ಕೆ ಸಿಗುವ ಬೆಳಕಿನ ಅಳತೆ) ಆಸುಪಾಸಿನಲ್ಲಿಟ್ಟು, ಈಗ ಮೆಟ್ಟಿಲು ಮೆಟ್ಟಿಲಾಗಿ 130ಕ್ಕೆ ಏರಿಸುತ್ತಿದ್ದೇನೆ. ಆಹಾರ ಬೇರೆ ಹಾಕುವುದಿಲ್ಲ.

ಫೋಟೋ ನೋಡಿದ ಹೊನ್ನಾವರದ ಭಾವ ಫೋನಿನಲ್ಲಿ, ‘ಇದಕ್ಕೆ ಇಷ್ಟು ದುಡ್ಡೇ ಮಾರಾಯ? ಮುರ್ಡೇಶ್ವರದಿಂದ ದೋಣಿ ಹತ್ತಿದರೆ ನಮ್ಮ ನೇತ್ರಾಣಿಯಲ್ಲೇ ಹವಳ ಇದೆಯಲ್ಲ’ ಎಂದರು. ತಮಾಷೆಯೇ ಆದರೂ ಇಲ್ಲಿ ಬರೆದಿಡುತ್ತೇನೆ: ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿ ಇರುವ ಸಾಲಿನಲ್ಲೇ. ಸಮುದ್ರದಿಂದ ಒಂದು ಚೂರೂ ಮುರಿಯಬಾರದು. ನನ್ನದು ಟ್ಯಾಂಕಿನಲ್ಲೇ ಹುಟ್ಟಿ ಟ್ಯಾಂಕಿನಲ್ಲೇ ಬೆಳೆದ ಸಂತತಿ.

ಮೇ 17, ಶನಿವಾರ

ಟೋಪಿ 7 ಇಂಚು, ಅಂಚಿನವರೆಗೂ ಪಾಲಿಪ್. ಕಳೆದ ವಾರ ಒಮ್ಮೆ ಪೊರೆ ಕಟ್ಟಿ ಬಿಟ್ಟಿತು. ಆ ಅಷ್ಟೂ ದಿನ ಸಂಜೆ ಸಂಜೆ ಅಂಚು ಎತ್ತಿ ಬುಡ ನೋಡಿದೆ, ಬಿಳಿಯಾಗಿ ಗಟ್ಟಿಯಾಗಿತ್ತು. ಇನ್ನೊಂದು ಸಣ್ಣ ಪವರ್‌ಹೆಡ್ ಎಡಗಡೆಗೆ ಹಾಕಿ, ಟೋಪಿಯ ಕೆಳಗೆ ನೀರು ಹಾಯುವಂತೆ ಓರೆಯಾಗಿ ತಿರುಗಿಸಿದ್ದೇನೆ. ಮೀನಿನ ಆಹಾರದ ಒಂದು ಚಿಟಿಕೆ ಕಾಂಡದ ಬಳಿ ಬಿಟ್ಟರೆ ನಿಲ್ಲದೆ ಆಚೆ ಹೋಗಬೇಕು, ಹೋಗುತ್ತಿದೆ.

ಒಂಬತ್ತು ತುಣುಕುಗಳಲ್ಲಿ ಐದನ್ನು ಹತ್ತಿರದ ಹವ್ಯಾಸಿಗಳಿಗೆ ಕೊಟ್ಟೆ, ಒಂದು ಮೊದಲು ನನಗೆ ಕೊಟ್ಟವರಿಗೇ ಹೋಯಿತು; ಅವರ ಮೂಲ ಹವಳ ಹೋದ ವರ್ಷ ಹೀಟರ್ ಕೆಟ್ಟಾಗ ಸತ್ತಿತ್ತಂತೆ. ಉಳಿದ ಮೂರರಲ್ಲಿ ದಾರ ನುಂಗಿದ್ದೇ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯುತ್ತಿದೆ. ಟೋಪಿಗೂ ಹ್ಯಾಮರಿಗೂ ನಡುವೆ ಈಗ 8 ಇಂಚು ಅಂತರವಿದೆ. 9 ಇಂಚು ಅಗಲವಾದ ದಿನ ಅಂಚು ಮತ್ತೆ ಕತ್ತರಿಸುತ್ತೇನೆ, ಮಡಚುವ ತನಕ ಬಿಡುವುದಿಲ್ಲ. ಕಾರ್ಬನ್ ಸಂಪಿನಲ್ಲೇ ಇದೆ, ಎರಡು ವಾರಕ್ಕೊಮ್ಮೆ ಹೊಸದು.